ಆಟದ ಹೆಸರಲ್ಲಿ ಅಂಗಳ ನುಂಗಿದವರು

ಬೆಂಗಳೂರಿನಲ್ಲಿ ಕೆರೆ ಮುಚ್ಚಿದ ಕಥೆಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಿದ್ದಿಕಟ್ಟೆ ಮಾರುಕಟ್ಟೆಯಾಯಿತು, ಮಿಲ್ಲರ್ ಕೆರೆಯ ಮೇಲೆ ಭವನಗಳೆದ್ದವು. ಈಗ ಶಾಲೆ ಮಕ್ಕಳ ಪ್ರಬಂಧದಲ್ಲೂ ಇದು ಬರುತ್ತದೆ, ಬಹುಮಾನವನ್ನೂ ಗಿಟ್ಟಿಸುತ್ತದೆ. ಆದರೆ ಒಂದು ಲೆಕ್ಕವನ್ನು ಕೂಡಿಸದೆ ಬಿಟ್ಟಿದ್ದೇವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯನ್ನೇ ತೆಗೆದುಕೊಳ್ಳಿ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಈಜಿಪುರ–ಕೋರಮಂಗಲದ ಕೆರೆಯಂಗಳ ರಾಷ್ಟ್ರೀಯ ಕ್ರೀಡಾಗ್ರಾಮವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಅಂಗಳವಾಯಿತು. ಒಂದೇ ಕಣಿವೆ, ಐದು ಕೆರೆ, ಐದೂ ಹೋಗಿದ್ದು ಆಟದ ಹೆಸರಿನಲ್ಲಿ. ಅಂಥ ಊರಿನಲ್ಲಿ ಈಜಿಪುರದ ಹುಡುಗರು ಭಾನುವಾರ ಬೆಳಗ್ಗೆ ಬೀದಿಯಲ್ಲಿ ನಿಲ್ಲಿಸಿದ ಎರಡು ಕಾರುಗಳ ನಡುವೆ ಸಿಕ್ಕ ಹತ್ತಡಿಯಲ್ಲಿ ಕ್ರಿಕೆಟ್ ಆಡುತ್ತಾರೆ. ಚೆಂಡು ಕಾರಿಗೆ ಬಡಿಯಿತೋ, ಬ್ಯಾಟ್ ಕಿತ್ತುಕೊಳ್ಳಲು ಅಂಕಲ್ ಒಬ್ಬರು ಮೂರನೇ ಮಹಡಿಯಿಂದ ಇಳಿದು ಬರುತ್ತಾರೆ.

ಹಾಗಾದರೆ ಆ ಐದು ಕೆರೆಯ ಜಾಗ ಯಾರ ಆಟಕ್ಕೆ ಹೋಯಿತು?

ಸಂಪಂಗಿಯಿಂದಲೇ ಶುರು ಮಾಡೋಣ. ಆ ಕೆರೆಯ ನೀರು ತೋಟಗಾರ ತಿಗಳರಿಗೆ ಹೊಟ್ಟೆಪಾಡು. ಪಕ್ಕದ ದಂಡಿನ ದೊಡ್ಡ ಮನುಷ್ಯರಿಗೆ ಅದೇ ಕೆರೆ ಒಣಗಿದ್ದರೆ ಒಳ್ಳೆಯ ಪೋಲೊ ಮೈದಾನ. ನೀರು ನಿಲ್ಲಲಿ ಎಂದು ಒಂದು ಕಡೆಯವರ ಅರ್ಜಿ, ನೀರು ಬಸಿದು ಹೋಗಲಿ ಎಂದು ಇನ್ನೊಂದು ಕಡೆಯವರ ಒತ್ತಾಯ. ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮೊದಲಾದ ಸಂಶೋಧಕರು ಹಳೆಯ ಕಡತಗಳನ್ನು ಕೆದಕಿ ಈ ಜಗಳವನ್ನು ಬರೆದಿಟ್ಟಿದ್ದಾರೆ. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ. ಕ್ರೀಡಾಂಗಣದ ಮಗ್ಗುಲಲ್ಲಿ ಇವತ್ತು ಒಂದು ಸಣ್ಣ ಚೌಕದ ಕೊಳ ಉಳಿದಿದೆ, ಕರಗದ ಹೊತ್ತಿಗೆ ತಿಗಳರು ಅಲ್ಲಿಗೆ ಬರುತ್ತಾರೆ. ದೇವರಿಗೆ ಹೆದರಿ ಬಿಟ್ಟ ನೀರು ಅದು. ಮನುಷ್ಯರಿಗೆ ಹೆದರಿ ಬಿಟ್ಟದ್ದು ಒಂದು ಹನಿಯೂ ಇಲ್ಲ.

ಕುದುರೆ ಮೇಲೆ ಕೂತು ಆಡುವವರಿಗಾಗಿ ಗುದ್ದಲಿ ಹಿಡಿದವರ ನೀರು ಬಸಿದದ್ದು ಬ್ರಿಟಿಷರ ಕಾಲದ ಮಾತು, ಸರಿ. ಅವರು ಹೋದರು. ಅವರ ಬುದ್ಧಿ ಮಾತ್ರ ವಿಧಾನಸೌಧದ ಕಡತಗಳಲ್ಲಿ ಬಾಡಿಗೆ ಕೊಡದೆ ಕೂತಿದೆ.

ಕೆರೆ ಎಂದರೆ ನೀರು ಮಾತ್ರ ಎಂದು ತಿಳಿದವರಿಗೆ ಹಳ್ಳಿಯ ಬೇಸಿಗೆ ಗೊತ್ತಿಲ್ಲ. ಬೆಂಗಳೂರು ಸೀಮೆಯ ಕೆರೆಗಳು ಮಳೆನೀರಿನ ಕೆರೆಗಳು, ಇಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಮಳೆಗಾಲದಲ್ಲಿ ತುಂಬಿ ಕೋಡಿ ಬಿತ್ತೆಂದರೆ ಹುಡುಗರಿಗೆ ಈಜು, ಮೀನು. ಸುಗ್ಗಿ ಕಳೆಯುತ್ತ ನೀರು ಹಿಂದೆ ಸರಿದಂತೆ ಅಂಗಳದ ಅಂಚಿನಲ್ಲಿ ಹುಲ್ಲು, ಹುಲ್ಲಿಗೆ ದನ, ದನದ ಹಿಂದೆ ಹುಡುಗರು. ಬಿಸಿಲು ಬಲಿತಾಗ ಬಿರುಕು ಬಿಟ್ಟ ಮಣ್ಣಿನ ಮೇಲೆ ಚಿನ್ನಿದಾಂಡು, ಲಗೋರಿ, ಕಬಡ್ಡಿ, ಆಮೇಲಾಮೇಲೆ ಟೆನಿಸ್ ಬಾಲ್ ಕ್ರಿಕೆಟ್. ಕುಂಬಾರನಿಗೆ ಮಣ್ಣು ಅಲ್ಲಿಂದ, ಗಣಪನ ಹಬ್ಬಕ್ಕೆ ಜೇಡಿ ಅಲ್ಲಿಂದ, ಹಬ್ಬ ಮುಗಿದ ಮೇಲೆ ಗಣಪ ಹೋಗುವುದೂ ಅಲ್ಲಿಗೇ. ಏರಿಯ ಮೇಲೆ ಸಂಜೆ ನಡೆದಾಡುವವರು, ತೂಬಿನ ಕಟ್ಟೆಯ ಮೇಲೆ ಕೂತು ಊರ ಸುದ್ದಿ ಆಡುವವರು. ಏರಿಯ ಆಚೆ ಗುಂಡುತೋಪು, ಮಾವು, ಹುಣಸೆ, ಹಲಸಿನ ನೆರಳು. ಜಾತ್ರೆಗೆ ಬಂದ ಗಾಡಿ ನಿಲ್ಲುವುದು ಅಲ್ಲಿ, ಮದುವೆ ದಿಬ್ಬಣ ಇಳಿಯುವುದು ಅಲ್ಲಿ. ಇಂದಿನ ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ವರ್ಷಕ್ಕೆ ಮೂರು ಸಲ ಭೂಬಳಕೆ ಬದಲಾವಣೆ ನಡೆಯುತ್ತಿತ್ತು. ಅರ್ಜಿಯಿಲ್ಲ, ಶುಲ್ಕವಿಲ್ಲ, ಮಧ್ಯವರ್ತಿಯಿಲ್ಲ. ಮಳೆ ಬಂದರೆ ಆಯಿತು. ನೋಡಿಕೊಳ್ಳಲು ನೀರುಗಂಟಿ ಒಬ್ಬ ಸಾಕಿತ್ತು, ಅವನಿಗೆ ಊರೇ ಕಾಳು ಅಳೆಯುತ್ತಿತ್ತು.

ಹಳ್ಳಿಯ ಕೆರೆ ಸಮಾನತೆಯ ಸ್ವರ್ಗವಾಗಿತ್ತು ಎಂದು ಹೇಳುತ್ತಿಲ್ಲ. ಯಾವ ಕೇರಿಯವರು ಯಾವ ಮೆಟ್ಟಿಲಲ್ಲಿ ನೀರು ಮೊಗೆಯಬೇಕು ಎಂಬ ಕ್ರೌರ್ಯ ಅಲ್ಲೂ ಇತ್ತು. ಆದರೆ ಒಣಗಿದ ಅಂಗಳದಲ್ಲಿ ಚೆಂಡಿನ ಹಿಂದೆ ಓಡುವವನನ್ನು ತಡೆದು ಚೀಟಿ ಕೇಳುವವನು ಇರಲಿಲ್ಲ.

ಈಗ ಕ್ರೀಡಾಗ್ರಾಮಕ್ಕೆ ಬನ್ನಿ. ಬೆಂಗಳೂರಿನ ಕೆರೆಗಳ ಗತಿ ಏನೆಂದು ನೋಡಲು ಎನ್. ಲಕ್ಷ್ಮಣ ರಾವ್ ಅವರ ನೇತೃತ್ವದಲ್ಲಿ ಸರ್ಕಾರವೇ 1985ರಲ್ಲಿ ಒಂದು ಸಮಿತಿ ಮಾಡಿತು. ಇರುವ ಕೆರೆಗಳನ್ನು ಒಡೆಯಬೇಡಿ, ಒತ್ತುವರಿ ತೆರವು ಮಾಡಿ, ಆಗಲೇ ಒಡೆದುಹೋದ ಕೆರೆಯ ಅಂಗಳದಲ್ಲಿ ಮರ ಬೆಳೆಸಿ ಎಂದು ಸಮಿತಿ ಹೇಳಿತು. 1988ರಲ್ಲಿ ಸರ್ಕಾರ ವರದಿಯನ್ನು ಒಪ್ಪಿ ಆದೇಶವನ್ನೂ ಹೊರಡಿಸಿತು. ಒಪ್ಪಿ ಹತ್ತು ವರ್ಷ ತುಂಬುವ ಮೊದಲೇ, 1997ರ ರಾಷ್ಟ್ರೀಯ ಕ್ರೀಡಾಕೂಟದ ಹೆಸರಿನಲ್ಲಿ, ಈ ಕೆರೆಯಂಗಳದ ಮೇಲೆ ಬಹುಮಹಡಿ ಕಟ್ಟಡಗಳು ಎದ್ದು ನಿಂತವು. ವರದಿ ಒಪ್ಪಿದ್ದೂ ಸರ್ಕಾರ, ಕಟ್ಟಿದ್ದೂ ಸರ್ಕಾರ. ಒತ್ತುವರಿದಾರರ ಮೇಲೆ ಕೇಸು ಹಾಕುವ ಅಧಿಕಾರವಿದ್ದದ್ದೂ ಸರ್ಕಾರಕ್ಕೇ. ಕಳ್ಳನೇ ಪೊಲೀಸ್ ಠಾಣೆ ನಡೆಸುವಾಗ ದೂರು ಬರೆದುಕೊಳ್ಳುವವರು ಯಾರು?

ಕ್ರೀಡಾಕೂಟ ಕೆಲವೇ ದಿನದ್ದು. ಓಡುವವರು ಓಡಿ, ಪದಕ ಗೆದ್ದು, ರೈಲು ಹತ್ತಿ ಹೋದರು. ಕಟ್ಟಡಗಳು ಫ್ಲ್ಯಾಟುಗಳಾಗಿ ಉಳಿದವು. ಅಲ್ಲಿ ಮನೆ ಕೊಂಡವರನ್ನು ನಾನು ಬೈಯುವುದಿಲ್ಲ. ಅವರು ಸರ್ಕಾರ ಕಟ್ಟಿದ ಮನೆ, ಮೋಸ ಇರಲಾರದು ಎಂದು ನಂಬಿ ದುಡ್ಡು ಕಟ್ಟಿದವರು. ಬೈಯಬೇಕಾದ್ದು, ಕೆರೆ ಎಂದು ಗ್ರಾಮ ನಕಾಶೆಯಲ್ಲಿ ಬರೆದಿದ್ದ ಜಾಗವನ್ನು ನಿವೇಶನ ಎಂದು ಓದಿದ ಕಣ್ಣುಗಳನ್ನು.

ಗಾಲ್ಫಿನ ಬಗ್ಗೆ ಎರಡೇ ಮಾತು. 18 ಗುಳಿಯ ಒಂದು ಗಾಲ್ಫ್ ಅಂಗಳಕ್ಕೆ ಸಾಮಾನ್ಯವಾಗಿ 100 ಎಕರೆಗೂ ಮಿಕ್ಕ ಜಾಗ ಬೇಕು. ಕಬಡ್ಡಿ ಅಂಕಣ ಒಂದು ಗುಂಟೆಯ ಒಂದೂವರೆ ಪಟ್ಟಿನಷ್ಟೂ ಇಲ್ಲ. ಯಾವ ಆಟಕ್ಕೆ ಕೆರೆ ಸಿಕ್ಕಿತು, ಯಾವ ಆಟ ಬೀದಿಗೆ ಬಿತ್ತು, ನೀವೇ ಲೆಕ್ಕ ಹಾಕಿ. ಹಸಿರು ಉಳಿದಿದೆಯಲ್ಲ, ಹಕ್ಕಿ ಬರುತ್ತವಲ್ಲ ಎಂದು ಸಮರ್ಥಿಸುವವರಿದ್ದಾರೆ. ಹಕ್ಕಿಗೆ ಸದಸ್ಯತ್ವ ಬೇಡ. ಪಕ್ಕದ ದೊಮ್ಮಲೂರಿನ ಹುಡುಗನಿಗೆ ಬೇಕು.

ಕೆರೆಗಳ ಕಥೆ ಹೀಗಾಯಿತು. ಕೆರೆ ಮುಚ್ಚಿ ಬಡಾವಣೆ ಮಾಡಿದವರು ಬಡಾವಣೆಯೊಳಗಾದರೂ ಆಟಕ್ಕೆ ಜಾಗ ಬಿಟ್ಟರೇ? ಕಾಗದದ ಮೇಲೆ ಬಿಟ್ಟರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಪ್ರಕಾರ ಬಡಾವಣೆಯ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ. 10 ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು. ಅದೇ ಕಾಯ್ದೆಯ 38ಎ ಕಲಮು ಇನ್ನೂ ಖಡಕ್ಕಾಗಿದೆ. ಹೀಗೆ ಮೀಸಲಿಟ್ಟ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಮಾಡಿದರೆ ಆ ವ್ಯವಹಾರವೇ ಅಸಿಂಧು. ಇದು ಸಾಲದೆಂದು 1985ರಲ್ಲಿ ಪಾರ್ಕು, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೇ ಬೇರೊಂದು ಕಾಯ್ದೆ ಬಂತು. ಊರಿನ ಇಂಥ ಜಾಗಗಳ ಪಟ್ಟಿ ಮಾಡಿ ಇಡಬೇಕು ಎಂದು ಅದು ಸ್ಥಳೀಯ ಸಂಸ್ಥೆಗಳಿಗೆ ಹೇಳುತ್ತದೆ. ನಿಮ್ಮ ವಾರ್ಡಿನ ಕಚೇರಿಗೆ ಹೋಗಿ ಆ ಪಟ್ಟಿ ಕೇಳಿ ನೋಡಿ. ನಾನು ಕೇಳಿದಾಗ ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬರು ಕಾಳಜಿಯಿಂದಲೇ ಕೇಳಿದರು: "ನಿಮಗ್ಯಾಕೆ ಸಾರ್ ಅದೆಲ್ಲ? ಸೈಟ್ ಏನಾದ್ರೂ ಇದೆಯಾ ಪಕ್ಕದಲ್ಲಿ?"

ಮೈದಾನವನ್ನು ಕೊಲ್ಲುವವರು ಒಂದೇ ಏಟಿಗೆ ಕೊಲ್ಲುವುದಿಲ್ಲ. ಮೊದಲು ಬರುವುದು ಬೇಲಿ. ಒತ್ತುವರಿ ಆಗಬಾರದಲ್ಲ, ಅದಕ್ಕೆ ರಕ್ಷಣೆ ಎನ್ನುತ್ತಾರೆ. ನಾವೂ ಚಪ್ಪಾಳೆ ತಟ್ಟುತ್ತೇವೆ. ಬೇಲಿಗೆ ಗೇಟು, ಗೇಟಿಗೆ ಬೀಗ, ಬೀಗದ ಕೈ ಯಾರದೋ ಮನೆಯಲ್ಲಿ. ಒಂದು ಮೂಲೆಗೆ ಕೊಳವೆಬಾವಿ, ಅದರ ಪಂಪ್‌ಹೌಸು. ಇನ್ನೊಂದು ಮೂಲೆಗೆ ಗಣಪತಿ. ದೇವರ ಮೇಲೆ ಯಾರು ದೂರು ಕೊಡುತ್ತಾರೆ? ರಾಜ್ಯೋತ್ಸವಕ್ಕೆಂದು ಹಾಕಿದ ಕಾಂಕ್ರೀಟ್ ವೇದಿಕೆ ರಾಜ್ಯೋತ್ಸವ ಮುಗಿದ ಮೇಲೂ ಅಲ್ಲೇ. ದೀಪಾವಳಿಗೆ ಪಟಾಕಿ ಅಂಗಡಿ, ಆಮೇಲೆ ಸೀರೆ ಮೇಳ, ಮೇಳದವರು ತೋಡಿದ ಗುಣಿ ಹಾಗೇ. ಕಸದ ಆಟೊಗಳು ರಾತ್ರಿ ನಿಲ್ಲಲು ಜಾಗ ಬೇಕು, ಇಲ್ಲೇ ನಿಲ್ಲಲಿ. ರಸ್ತೆ ಅಗೆದ ಮಣ್ಣು, ಕೇಬಲ್ ಸುರುಳಿ, ಕಿತ್ತುಹಾಕಿದ ಕಲ್ಲುಚಪ್ಪಡಿ, ಇಲ್ಲೇ ಬೀಳಲಿ. ಇಷ್ಟಾಗುವ ಹೊತ್ತಿಗೆ ಅಲ್ಲಿ ಆಡುವ ಹುಡುಗರು ಕಡಿಮೆಯಾಗುತ್ತಾರೆ. ಆಗ ಶಾಸಕರ ಕಡೆಯವರು ಬಂದು ನೋಡಿ, ಹಾಳು ಬಿದ್ದಿದೆ, ಅಭಿವೃದ್ಧಿ ಮಾಡೋಣ ಎನ್ನುತ್ತಾರೆ. ಅಭಿವೃದ್ಧಿ ಎಂದರೆ ಸಮುದಾಯ ಭವನ, ಇಲ್ಲವೇ ತಗಡಿನ ಸೂರಿನ ಬ್ಯಾಡ್ಮಿಂಟನ್ ಅಂಕಣ. ಅಂಕಣವನ್ನು ನೋಡಿಕೊಳ್ಳಲು ಒಂದು ಸಂಘ, ಸಂಘಕ್ಕೆ ಶುಲ್ಕ, ಶುಲ್ಕಕ್ಕೆ ರಸೀತಿ. ಮೂವತ್ತು ಹುಡುಗರು ಬರಿಗಾಲಲ್ಲಿ ಓಡಿದ ಜಾಗದಲ್ಲಿ ನಾಲ್ವರು ಮೆತ್ತನೆ ಅಡಿಯ ಬೂಟು ಹಾಕಿ ಆಡುತ್ತಾರೆ. ಉದ್ಘಾಟನೆಯ ಕಲ್ಲಿನಲ್ಲಿ ಹದಿನಾಲ್ಕು ಹೆಸರು.

ನಾಗರಿಕ ಸೌಲಭ್ಯದ ನಿವೇಶನಗಳದ್ದು ಇದರ ಅಣ್ಣನ ಕಥೆ. 1989ರ ನಿಯಮಗಳಡಿ ಅವು 30 ವರ್ಷದ ಗುತ್ತಿಗೆಗೆ ಸಂಘ ಸಂಸ್ಥೆಗಳಿಗೆ ಹೋಗುತ್ತವೆ. ಯಾವ ಸಂಘ, ಯಾವ ಸಂಸ್ಥೆ, ಅದರ ಅಧ್ಯಕ್ಷರು ಯಾರ ಬೀಗರು ಎಂಬುದನ್ನೆಲ್ಲ ಬರೆದರೆ ಪತ್ರಿಕೆಯ ಪುಟ ಸಾಲದು. ಬಡಾವಣೆಯ ಮಕ್ಕಳಿಗೆಂದು ಬಿಟ್ಟ ಜಾಗದಲ್ಲಿ ಎದ್ದ ಶಾಲೆಗೆ ಆ ಬಡಾವಣೆಯ ಮನೆಗೆಲಸದವರ ಮಗು ಸೇರಲಾಗುತ್ತದೆಯೇ ಎಂದು ಮಾತ್ರ ಕೇಳಿ.

2017ರಲ್ಲಿ ಇಂದಿರಾ ಕ್ಯಾಂಟೀನ್‌ಗಳು ಬಂದಾಗ ಕೆಲವೆಡೆ ಪಾರ್ಕು, ಮೈದಾನದ ಮೂಲೆಗಳಲ್ಲೇ ಎದ್ದವು. ಹಸಿದವನ ತಟ್ಟೆಯ ಜತೆ ನನಗೆ ಜಗಳವಿಲ್ಲ. ಬಡವನಿಗೆ ಅನ್ನ ಹಾಕಲು ಬಡವನ ಮಗ ಆಡುವ ಜಾಗವೇ ಏಕೆ ಬೇಕು? ಯಾವ ಕ್ಲಬ್ಬಿನ ಹುಲ್ಲುಹಾಸಿನ ಮೂಲೆಯಲ್ಲೂ ಒಂದು ಕ್ಯಾಂಟೀನ್ ಏಳಲಿಲ್ಲವಲ್ಲ!

ಪಾರ್ಕು ಇದೆಯಲ್ಲ ಎನ್ನುತ್ತೀರಿ. ಇದೆ. ಸುತ್ತ ಗ್ರಿಲ್ಲು, ಒಳಗೆ ಟೈಲ್ಸು ಹಾಕಿದ ದಾರಿ, ಸಿಮೆಂಟಿನ ಜಿಂಕೆ. ಹುಲ್ಲಿನ ಮೇಲೆ ಕಾಲಿಡಬೇಡಿ, ಚೆಂಡಾಟ ನಿಷೇಧಿಸಲಾಗಿದೆ ಎಂಬ ಫಲಕ. ಬಹುಕಾಲ ಬೆಂಗಳೂರಿನ ಪಾರ್ಕುಗಳು ಬೆಳಗ್ಗೆ ಕೆಲವು ಗಂಟೆ ತೆರೆದು ಮಧ್ಯಾಹ್ನಕ್ಕೆ ಮೊದಲೇ ಬಾಗಿಲು ಹಾಕಿಕೊಳ್ಳುತ್ತಿದ್ದವು. ಬೆಳಗಿನಿಂದ ರಾತ್ರಿಯವರೆಗೆ ತೆರೆದಿಡಿ ಎಂಬ ಆದೇಶ ಬಂದದ್ದು 2024ರಲ್ಲಿ. ಅದಕ್ಕೂ ತಕರಾರು ಬಂತು, ಬಂದದ್ದು ಅಧಿಕಾರಿಗಳಿಂದಲ್ಲ, ನಮ್ಮಂಥ ನಿವಾಸಿಗಳಿಂದ. "ಹೊರಗಿನ ಹುಡುಗ್ರು ಬಂದು ಕೂತ್ಕೋತಾರೆ ಸಾರ್. ಹೆಣ್ಮಕ್ಕಳು ಓಡಾಡೋ ಜಾಗ."

ಹೊರಗಿನವರು ಯಾರು? ಕೋರಮಂಗಲದ ಆರನೇ ಬ್ಲಾಕಿನ ದೃಷ್ಟಿಯಲ್ಲಿ ಈಜಿಪುರದವರು ಹೊರಗಿನವರು. ಕೋರಮಂಗಲ ಎಂಬ ಹಳ್ಳಿ, ಈಜಿಪುರ ಎಂಬ ಹಳ್ಳಿ ಇದ್ದಾಗ ಬ್ಲಾಕುಗಳೇ ಇರಲಿಲ್ಲ ಎಂಬುದನ್ನು ಅವರಿಗೆ ಯಾರು ಹೇಳಬೇಕು? ಇದೇ ಈಜಿಪುರದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿದ ಕ್ವಾರ್ಟರ್ಸು ಕಳಪೆ ಕೆಲಸಕ್ಕೆ ಕುಸಿದವು. 2013ರ ಜನವರಿಯ ಚಳಿಯಲ್ಲಿ ಅಲ್ಲಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಬುಲ್ಡೋಜರ್ ತಂದು ಎಬ್ಬಿಸಿದರು. ಜಾಗದ ಒಂದು ಪಾಲಿನಲ್ಲಿ ಬಡವರಿಗೆ ಮನೆ, ಉಳಿದ ಪಾಲಿನಲ್ಲಿ ವಾಣಿಜ್ಯ ಸಂಕೀರ್ಣ ಎಂಬುದು ಖಾಸಗಿಯವರ ಜತೆಗಿನ ಒಪ್ಪಂದ. ಆಟದ ಬಯಲಿನ ವಿಷಯದಲ್ಲಿ ಇದನ್ನೇಕೆ ತಂದೆ ಎಂದರೆ, ಎರಡೂ ಕಡೆ ತರ್ಕ ಒಂದೇ. ಈ ಜಾಗಕ್ಕೆ ಚದರಡಿಗೆ ಇಷ್ಟು ಬೆಲೆ, ಇಲ್ಲಿ ಇಂಥವರು ಇರಬಾರದು, ಇಲ್ಲಿ ಸುಮ್ಮನೆ ಆಡಬಾರದು. ಬೆಲೆ ಏರಿದ ನೆಲದ ಮೇಲೆ ದುಡ್ಡಿಲ್ಲದ ಕಾಲು ಬಿದ್ದರೆ ಅದು ಅಪರಾಧ.

ಹುಡುಗಿಯರ ಮಾತು ಇನ್ನೂ ಕಷ್ಟದ್ದು. ಹುಡುಗರು ಹೇಗೋ ಬೀದಿಯಲ್ಲಿ, ಫ್ಲೈಓವರ್ ಕೆಳಗೆ ಆಡಿಕೊಳ್ಳುತ್ತಾರೆ. ಮನೆಗೆ ಕೂಗಳತೆಯ ಮೈದಾನ ಹೋದ ದಿನ ಹುಡುಗಿಯ ಆಟವೇ ನಿಂತಿತು. ಅಮ್ಮ ಬಾಗಿಲಲ್ಲಿ ನಿಂತರೆ ಕಾಣುವಷ್ಟು ದೂರದಲ್ಲಿದ್ದ ಕಾರಣಕ್ಕೇ ಅವಳನ್ನು ಬಿಡುತ್ತಿದ್ದರು. ಈಗ ಎರಡು ಕಿಲೋಮೀಟರ್ ಆಚೆ ಒಳ್ಳೆಯ ಕ್ರೀಡಾ ಸಂಕೀರ್ಣ ಕಟ್ಟಿದ್ದೇವೆ ಎಂದರೆ ಯಾವ ಅಮ್ಮ ಕಳಿಸುತ್ತಾಳೆ? ಕುಂಟೆಬಿಲ್ಲೆಯ ಗೆರೆ ಎಳೆಯಲು ಕಾಂಪೌಂಡಿನೊಳಗೆ ಎರಡು ಬೈಕಿನ ಜಾಗವೂ ಇಲ್ಲ. ನಕ್ಷೆಯಲ್ಲಿ ಭೂಬಳಕೆಯ ಬಣ್ಣ ಬದಲಿಸುವ ಯಾವ ಅಧಿಕಾರಿಗೂ ಈ ನಷ್ಟವನ್ನು ಬರೆಯಲು ಕಾಲಂ ಇಲ್ಲ.

ಅತ್ತ ದುಡ್ಡಿರುವವರಿಗೆ ಆಟಕ್ಕೇನೂ ಬರವಿಲ್ಲ. 2004ರಲ್ಲಿ ಹೊಸೂರು ರಸ್ತೆಯ ಬದಿಗೆ ಫೋರಂ ಮಾಲ್ ತೆರೆಯಿತು, ಕೋರಮಂಗಲದ ಸಂಜೆಗಳು ಅದರೊಳಗೆ ಹೋದವು. ನಂತರ ಅಂಗಡಿ, ಪಬ್ಬು, ಪಿಜಿಗಳು ವಾಸದ ಬೀದಿಗಳಿಗೆ ನುಗ್ಗಿದವು. ಈಗ ಖಾಸಗಿ ನಿವೇಶನಗಳಲ್ಲಿ, ಕಟ್ಟಡಗಳ ತಾರಸಿಯ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಗೆ ಸಾವಿರದ ಆಸುಪಾಸು ವಸೂಲು ಮಾಡುತ್ತಾರೆ. ಆ್ಯಪ್‌ನಲ್ಲಿ ದುಡ್ಡು ಕಟ್ಟಿದರೆ ರಾತ್ರಿ ಹನ್ನೊಂದಕ್ಕೂ ಆಡಬಹುದು. ಕೆಳಗೆ ಬೀದಿಯಲ್ಲಿ ಆಡುವ ಹುಡುಗರಿಗೆ ಮೇಲಿಂದ ಹಾರಿ ಬಿದ್ದ ಚೆಂಡು ಸಿಗುತ್ತದೆ. ಅಷ್ಟು ಲಾಭ.

ದುಡ್ಡಿಲ್ಲದವರ ಇನ್ನೊಂದು ಮನರಂಜನೆಯಾದ ಸಿನಿಮಾದ ಕಥೆಯೂ ಭಿನ್ನವಲ್ಲ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರವನ್ನು ಯೋಜಿತ ಬಡಾವಣೆಗೆ ಮಾದರಿ ಎಂದು ಇವತ್ತಿಗೂ ತೋರಿಸುತ್ತಾರೆ. ಅಲ್ಲಿನ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರವಿತ್ತು. ಪಾಲಿಕೆಯ ಸ್ವತ್ತು, ಕಡಿಮೆ ದರದ ಟಿಕೆಟ್ಟು, ಕನ್ನಡ ಚಿತ್ರ. ಹೊಸ ಸಂಕೀರ್ಣ ಕಟ್ಟುತ್ತೇವೆಂದು ಅದನ್ನು ಕೆಡವಿದರು. ಕೆಡವುವುದು ಬೇಗ ಆಯಿತು. ಕಟ್ಟುವುದು ವರ್ಷಗಟ್ಟಲೆ ಕುಂಟಿತು. ಕನ್ನಡದ ಹೆಸರು ಹೇಳಿ ವೋಟು ಕೇಳುವವರ ಆಡಳಿತದಲ್ಲೇ ಪುಟ್ಟಣ್ಣನ ಹೆಸರಿನ ಗೋಡೆ ಉರುಳಿತು. ಧರಣಿ ಕೂತವರು ಎಷ್ಟು ಮಂದಿ?

ಉಳಿದ ಕೆರೆಗಳನ್ನಾದರೂ ಬಿಟ್ಟರೇ? 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಕೆಲವೇ ವರ್ಷದಲ್ಲಿ ಅದು ಹೆಬ್ಬಾಳ, ನಾಗವಾರ, ಅಗರ, ವೆಂಗಯ್ಯನ ಕೆರೆಗಳನ್ನು 15 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಡಲು ಹೊರಟಿತು. ಹೋಟೆಲ್ ಕಂಪನಿಗೊಂದು, ಮನರಂಜನೆ ಕಂಪನಿಗೊಂದು. ದೋಣಿ ವಿಹಾರ, ತಿಂಡಿ ಮಳಿಗೆ, ಪ್ರವೇಶ ಶುಲ್ಕ. ನೂರಾರು ವರ್ಷ ಊರವರು ಮುಖ ತೊಳೆದ ನೀರಿಗೆ ಟಿಕೆಟ್ ಕೌಂಟರ್. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ಕೂತಿತು, 2012ರಲ್ಲಿ ತೀರ್ಪು ಬಂತು, ಖಾಸಗೀಕರಣದ ಓಟಕ್ಕೆ ಕಡಿವಾಣ ಬಿತ್ತು. ಕೋರ್ಟಿಲ್ಲದಿದ್ದರೆ ಇಷ್ಟು ಹೊತ್ತಿಗೆ ಬೆಳಗಿನ ವಾಕಿಂಗಿಗೂ ಕ್ಯೂಆರ್ ಕೋಡ್ ತೋರಿಸಬೇಕಾಗುತ್ತಿತ್ತು.

ಇನ್ನೂ ನಾಚಿಕೆಯಿಲ್ಲದ ಪ್ರಸಂಗವಿದೆ. ಕೆರೆಯ ಲಕ್ಷಣ ಕಳೆದುಕೊಂಡ ಕೆರೆಗಳನ್ನು ದಾಖಲೆಯಿಂದಲೇ ಕೈಬಿಡೋಣ ಎಂಬ ಪ್ರಸ್ತಾವ 2017ರಲ್ಲಿ ಸರ್ಕಾರದೊಳಗೆ ಓಡಾಡಿತು. ಕೊಂದವನೇ ಹೆಣದ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಲು ಬಂದಂತೆ. ಜನ ಉಗಿದ ಮೇಲೆ ಹಿಂದೆ ಸರಿದರು. ಕೆರೆ, ಕಾಲುವೆಗಳ ಸುತ್ತ ಕಟ್ಟಡ ಕಟ್ಟಬಾರದ ಅಂಚು ಎಷ್ಟಿರಬೇಕೆಂಬ ಜಗ್ಗಾಟದ ಗತಿ ನೋಡಿ: ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತು, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ತಳ್ಳಿಹಾಕಿತು, ಮಹಾಯೋಜನೆಯ 30 ಮೀಟರೇ ಉಳಿಯಿತು. 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅದನ್ನೂ ಕುಗ್ಗಿಸುವ ಮಸೂದೆ ತಂದರು. ಕೆರೆ ಒತ್ತುವರಿಯಾಗಿ ಸಣ್ಣದಾಯಿತೇ? ಹಾಗಾದರೆ ಅಂಚೂ ಸಣ್ಣದಾಗಲಿ. ತಿಂದವನಿಗೇ ಎರಡನೇ ಸಲ ಬಡಿಸಿದಂತೆ.

ಈ ನಡುವೆ ನೀರು ತನ್ನ ದಾರಿಯನ್ನು ಮರೆತಿಲ್ಲ. ಕಣಿವೆಯಲ್ಲಿ ತಡೆದು ನಿಲ್ಲಿಸುವ ಕೆರೆಗಳಿಲ್ಲದ ಮೇಲೆ ಮಳೆನೀರು, ಅದರ ಜತೆಗೆ ಊರಿನ ಕೊಳಚೆ, ನೇರ ಬೆಳ್ಳಂದೂರಿಗೆ ಹೋಗಿ ಬೀಳುತ್ತದೆ. 2015ರಲ್ಲಿ ಆ ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ ಲೋಕದ ಪತ್ರಿಕೆಗಳೆಲ್ಲ ಫೋಟೊ ಹಾಕಿದವು. 2017ರ ಫೆಬ್ರವರಿಯಲ್ಲಿ ಅಲ್ಲೇ ಬೆಂಕಿ ಹತ್ತಿತು. 2022ರ ಸೆಪ್ಟೆಂಬರಿನಲ್ಲಿ ಯಮಲೂರು ಕಡೆಯ ಕೋಟ್ಯಧೀಶರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರಗೆ ತಂದರು. ಅವರ ಪಾಡನ್ನು ಟೀವಿಯವರು ಮೂರು ದಿನ ತೋರಿಸಿದರು. ಈಜಿಪುರದ ತಗ್ಗು ಬೀದಿಗಳಲ್ಲಿ ಪ್ರತಿ ಮಳೆಗೂ ಅಕ್ಕಿ ಚೀಲವನ್ನು ಮಂಚದ ಮೇಲಿಡುವವರ ಮನೆಗೆ ಕ್ಯಾಮೆರಾ ಬರಲಿಲ್ಲ.

ಗೆದ್ದ ಉದಾಹರಣೆಯೇ ಇಲ್ಲವೇ? ಇದೆ, ಅದೂ ಬೆಂಗಳೂರಿನದೇ. ಸದಾಶಿವನಗರದ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಮೇಲಿನವರ ಅಪ್ಪಣೆಯಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟಿತು. ಆಸುಪಾಸಿನ ನಿವಾಸಿಗಳು ಕೋರ್ಟು ಹತ್ತಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ದೇಶದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವುದು ಇದನ್ನೇ. 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ರದ್ದು ಮಾಡಿತು. ಸಾರ್ವಜನಿಕ ಪಾರ್ಕಿನ ಜಾಗಕ್ಕೆ ಖಾಸಗಿ ಆಸ್ಪತ್ರೆ ಬದಲಿಯಾಗಲಾರದು, ಇದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂದಿತು. ಸದಾಶಿವನಗರ ಗೆದ್ದಿತು, ಸಂತೋಷ. ಅಲ್ಲಿನವರಿಗೆ ಸುಪ್ರೀಂ ಕೋರ್ಟಿನ ತನಕ ಹೋಗುವ ಕಸುವಿತ್ತು. ಈಜಿಪುರದ ಆಟೊ ಚಾಲಕ ಒಂದು ದಿನದ ದುಡಿಮೆ ಬಿಟ್ಟು ವಾರ್ಡ್ ಕಚೇರಿಗೆ ಹೋಗುವುದೇ ಕಷ್ಟ.

ವಾರ್ಡ್ ಕಚೇರಿಯಲ್ಲಿ ಸಿಗುವವರಾದರೂ ಯಾರು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಳ ಕಾಲ ಕಾರ್ಪೊರೇಟರ್ ಎಂಬ ಪ್ರಾಣಿಯೇ ಇಲ್ಲದೆ ಈ ಮಹಾನಗರ ನಡೆಯಿತು. ಅಧಿಕಾರದಲ್ಲಿದ್ದ ಪಕ್ಷಗಳೆಲ್ಲ ಒಂದಲ್ಲ ಒಂದು ನೆಪ ಹೇಳಿದವು: ವಾರ್ಡ್ ವಿಂಗಡಣೆ, ಮೀಸಲಾತಿ, ಹೊಸ ಕಾಯ್ದೆ. ಹಿಂದೆ ಕಾರ್ಪೊರೇಟರುಗಳೇ ಮೈದಾನ ತಿಂದದ್ದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅವರ ಮನೆ ಬಾಗಿಲು ನಮಗೆ ಗೊತ್ತಿತ್ತು. ಬೆಳಗ್ಗೆ ಏಳಕ್ಕೆ ಹೋಗಿ ಬಾಗಿಲು ಬಡಿದು ಬೈಯಬಹುದಿತ್ತು. ಆಡಳಿತಾಧಿಕಾರಿಯ ಬಾಗಿಲಲ್ಲಿ ಹೋಮ್‌ಗಾರ್ಡ್ ಇರುತ್ತಾನೆ.

ಆದ್ದರಿಂದ ಬೇಡಿಕೆಯನ್ನು ಮನವಿಪತ್ರದ ಭಾಷೆಯಲ್ಲಿ ಬರೆಯುವುದನ್ನು ನಿಲ್ಲಿಸೋಣ. ಪ್ರತಿ ಮೈದಾನ, ಪ್ರತಿ ಪಾರ್ಕು, ಪ್ರತಿ ನಾಗರಿಕ ಸೌಲಭ್ಯದ ನಿವೇಶನದ ಗೇಟಿಗೆ ಅದರ ಸರ್ವೆ ನಂಬರು, ಮೂಲ ಬಡಾವಣೆ ನಕ್ಷೆ, ವಿಸ್ತೀರ್ಣ, ಈಗ ಅದು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಕನ್ನಡದಲ್ಲಿ ಬರೆದು ಹಾಕಬೇಕು. ಉದ್ಘಾಟನೆ ಕಲ್ಲಿಗೆ ಸಿಗುವ ಜಾಗ ಅದಕ್ಕೂ ಸಿಗುತ್ತದೆ. ಸಾರ್ವಜನಿಕ ನೆಲದಲ್ಲಿ ಕೂತು ಶುಲ್ಕ ಎತ್ತುವ ಪ್ರತಿ ಸಂಘದ ಗುತ್ತಿಗೆ ಪತ್ರವನ್ನು ಬಯಲಿಗೆ ಇಡಬೇಕು. ಕೆರೆಯಂಗಳ ನುಂಗಿದ ಕ್ರೀಡಾಂಗಣಗಳು ಆಸುಪಾಸಿನ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಕೆಲವು ದಿನವಾದರೂ ಪುಕ್ಕಟೆ ತೆರೆಯಬೇಕು. ಗಾಲ್ಫ್ ಅಂಗಳವೂ ಸೇರಿ. ಗುಳಿಗಳಿಗೆ ಅಡ್ಡಿಯಾಗುವುದಾದರೆ ಆಗಲಿ.

ಮೈದಾನಕ್ಕೆ ಜೆಸಿಬಿ ಬಂದ ದಿನ ಮಾಡಬೇಕಾದ್ದು ಇಷ್ಟು. ಚಾಲಕನ ಜತೆ ಜಗಳ ಬೇಡ, ಅವನೂ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕೂಲಿಗೆ ಬಂದವನು. ಗುತ್ತಿಗೆದಾರನನ್ನು ಕರೆಸಿ ಕಾಮಗಾರಿ ಆದೇಶದ ಪ್ರತಿ ಕೇಳಿ. ಎಂಜಿನಿಯರನ್ನು ಕರೆಸಿ ಮೂಲ ನಕ್ಷೆಯಲ್ಲಿ ಈ ಜಾಗದ ಮೇಲೆ ಏನು ಬರೆದಿದೆ ಎಂದು ಓದಿಸಿ. ಪಾರ್ಕು ಅಥವಾ ಆಟದ ಮೈದಾನ ಎಂದಿದ್ದರೆ 38ಎ ಕಲಮಿನ ಪ್ರತಿಯನ್ನು, 1985ರ ಕಾಯ್ದೆಯ ಪ್ರತಿಯನ್ನು ಅವರ ಕೈಗೇ ಕೊಟ್ಟು ಹಿಂಬರಹ ಬರೆಸಿಕೊಳ್ಳಿ. ಬೀದಿಯ ಹೆಂಗಸರು ಮುಂದೆ ನಿಲ್ಲಲಿ, ಹುಡುಗರು ವಿಕೆಟ್ ನೆಟ್ಟು ಆಟ ಶುರು ಮಾಡಲಿ. ಎಂಜಿನಿಯರ್ ಸಹಿ ಮಾಡದೆ ಜೀಪು ಹತ್ತಿದರೆ ಅದನ್ನೂ ವಿಡಿಯೊ ಮಾಡಿ. ಮೇಲಿನಿಂದ ಫೋನು ಬರುತ್ತದೆ. ಬರಲಿ. ಯಾರ ಫೋನು ಎಂದು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, ಹೆಸರು ಹಿಡಿದು ಕೇಳಿ.